ಗುರುಶಾಂತಪ್ಪನ ಕಾರು, ಅವ್ವನ ಟೆಂಪೋ

ಒಂದೂರಿನಲ್ಲಿ ಒಬ್ಬ ಮನುಷ್ಯ ಇದ್ದ. ಶ್ರೀಮಂತ ಎಂದು ಹೇಳೋಣವೇ? ಕಥೆಯಲ್ಲಿ ಶ್ರೀಮಂತ ಬಂದರೆ ನಿಮಗೆಲ್ಲ ಬಹಳ ಸುಖ. ತಪ್ಪು ಮಾಡುವವನು ಅವನೇ, ಕೊನೆಗೆ ಬುದ್ಧಿ ಕಲಿಯುವವನೂ ಅವನೇ. ನಾವು ಶ್ರೀಮಂತರಲ್ಲ, ನಮಗೂ ಈ ಕಥೆಗೂ ಸಂಬಂಧವಿಲ್ಲ ಎಂದುಕೊಂಡು ಮಠದ ಪ್ರಸಾದ ತೆಗೆದುಕೊಂಡು ಮನೆಗೆ ಹೋಗಬಹುದು. ಅದಕ್ಕೇ ಇವತ್ತು ಶ್ರೀಮಂತನನ್ನು ಬಿಟ್ಟಿದ್ದೇನೆ. ಇವನು ನಿಮ್ಮಂಥವನು, ನನ್ನಂಥವನು. ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣದೊಂದು ಪ್ರೆಸ್ಸು, ಒಂದು ಸ್ಕೂಟರು, ನಾಲ್ಕು ಜನರ ಸಂಸಾರ. ಹೆಸರು ಬೇಕೇ ಬೇಕು ಎನ್ನುವವರಿಗಾಗಿ ಗುರುಶಾಂತಪ್ಪ ಎಂದಿಟ್ಟುಕೊಳ್ಳೋಣ. ಸಭೆಯಲ್ಲಿ ಆ ಹೆಸರಿನವರು ಯಾರಾದರೂ ಇದ್ದರೆ ಗಾಬರಿಯಾಗಬೇಡಿ. ಗಾಬರಿಯಾದರೆ, ಯಾಕಾಯಿತು ಎಂದು ಸ್ವಲ್ಪ ಯೋಚಿಸಿ.

ಮನೆಯಲ್ಲಿ ತಾಯಿ ಸಾವಂತ್ರವ್ವ, ಹೆಂಡತಿ ಕಸ್ತೂರಿ, ಕಾಲೇಜಿಗೆ ಹೋಗುವ ಮಗಳು ಅನ್ನಪೂರ್ಣ. ಕಸ್ತೂರಿ ಒಂಬತ್ತು ಕಿಲೋಮೀಟರು ದೂರದ ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ಅಲ್ಲಿಗೆ ಹೋಗುವ ಬಸ್ಸು ತನಗೆ ತಿಳಿದಾಗ ಬರುತ್ತಿತ್ತು. ಸಾವಂತ್ರವ್ವನದು ಬೇರೆಯೇ ಕಷ್ಟ. ಬಲಗಾಲಿನ ಮಂಡಿ ಬಿಗಿದುಹೋಗಿ ಮಡಚಲು ಬರುತ್ತಿರಲಿಲ್ಲ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಕಾಲಿನ ವ್ಯಾಯಾಮ ಮಾಡಿಸಿಕೊಳ್ಳಬೇಕು. ಹೋಗುವುದು ಹೇಗೆ? ಸ್ಕೂಟರಿನ ಮೇಲೆ ಸಾಧ್ಯವಿಲ್ಲ. ಆಟೋದಲ್ಲಿ ಕೂತರೆ ಕಾಲು ರಸ್ತೆಗೆ ಚಾಚಿಕೊಳ್ಳುತ್ತಿತ್ತು. ಒಮ್ಮೆ ಹಿಂದಿನಿಂದ ಬರುತ್ತಿದ್ದ ಸೈಕಲ್ಲಿನವನು, ಆಟೋದವನು ಬಲಕ್ಕೆ ತಿರುಗಲು ಕೈ ತೋರಿಸುತ್ತಿದ್ದಾನೆ ಎಂದು ತಿಳಿದು ಅಲ್ಲೇ ನಿಂತುಬಿಟ್ಟನಂತೆ.

ಹೀಗಿರುವಾಗ ಗುರುಶಾಂತಪ್ಪನಿಗೆ ಒಂದು ಕಾರು ಸಿಕ್ಕಿತು. ಸಿಕ್ಕಿತು ಎಂದರೆ ಹೇಗೆ? ಅವನ ಸೋದರಮಾವ ದನದ ಡಾಕ್ಟರಾಗಿದ್ದವರು. ಅವರು ತೀರಿಕೊಂಡ ಮೇಲೆ ಅವರ ಕಾರು ಹಿತ್ತಲಿನ ತಗಡಿನ ಕೆಳಗೆ ಹದಿನಾಲ್ಕು ವರ್ಷ ನಿಂತಿತ್ತು. ಅತ್ತೆಗೆ ಬೇಸರ ಬಂದು, ಒಯ್ಯುವುದಾದರೆ ಒಯ್ಯಿ, ಇಲ್ಲವಾದರೆ ಗುಜರಿಯವನನ್ನು ಕರೆಯುತ್ತೇನೆ ಎಂದು ಹೇಳಿಕಳಿಸಿದಳು. ಯಾವ ಕಂಪನಿಯ ಕಾರು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಾಲಿನ ಹಿರಿಯರು ಕಥೆಯನ್ನು ಬಿಟ್ಟು, ಆ ಕಾರಿನಲ್ಲಿ ಯಾರ ಮದುವೆಗೆ ಹೋಗಿದ್ದೆವು ಎಂದು ಮಾತಾಡಲು ಶುರುಮಾಡುತ್ತಾರೆ. ದುಂಡನೆಯ ಹಳೆಯ ಕಾರು, ಅಷ್ಟು ಸಾಕು. ಮುಂದಿನ ಸೀಟಿನಲ್ಲಿ ಧೂಳು. ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಒಂದು ಕೋಳಿ. ಆ ಕೋಳಿ ಏಳುವವರೆಗೆ ಕಾರು ಒಯ್ಯಬಾರದು ಎಂದು ಅತ್ತೆ ಷರತ್ತು ಹಾಕಿದಳು. ಗುರುಶಾಂತಪ್ಪ ಇಪ್ಪತ್ತು ದಿನ ಕಾಯ್ದ.

ಆಮೇಲೆ ಎತ್ತಿನ ಗಾಡಿಗೆ ಕಟ್ಟಿ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಓಣಿಯ ಜನ ಬಂದು ನೋಡಿ, ಒಬ್ಬೊಬ್ಬರು ಒಂದೊಂದು ಮಾತು ಹೇಳಿ ಹೋದರು. ಅವನು ಒಳಗೆ ಹೋಗಿ ತಾಯಿಗೆ ಹೇಳಿದ:

"ಯವ್ವಾ, ಇದೊಂದು ಚಾಲೂ ಆಗಲಿ. ನೀ ಹಿಂದಿನ ಸೀಟಿನ್ಯಾಗ ಆರಾಮ ಕಾಲು ಚಾಚಿ ಕುಂದ್ರು. ವಾರಕ್ಕ ಮೂರು ಸಲ ನಾನ ಕರಕೊಂಡು ಹೋಗ್ತೀನಿ."

ಈ ಮಾತು ನಿಜವೋ ಸುಳ್ಳೋ? ನಿಜ. ನೂರಕ್ಕೆ ನೂರು ನಿಜ. ಮನಸ್ಸಿಟ್ಟು ಹೇಳಿದ ಮಾತು. ನಾವೂ ಹಾಗೇ ಅಲ್ಲವೇ, ಹೇಳುವಾಗ ಸುಳ್ಳು ಹೇಳುವುದಿಲ್ಲ.

ದಾವಲಸಾಬ ಎಂಬ ಮೆಕ್ಯಾನಿಕ್ ಬಂದ. ಆ ಊರಿನಲ್ಲಿ ಹಳೆಯ ಗಾಡಿಗಳ ಒಳಹೊರಗು ಬಲ್ಲವನು ಅವನೊಬ್ಬನೇ. ಮಾತು ಕಡಿಮೆ. ಇಂಜಿನ್ನಿನ ಮುಚ್ಚಳ ಎತ್ತಿ ಅರ್ಧ ಗಂಟೆ ನೋಡಿ, ಚಹಾ ಕುಡಿದು, ಆಗುತ್ತದೆ, ಆದರೆ ಅವಸರ ಮಾಡಬಾರದು ಎಂದ. ಎಂಟು ತಿಂಗಳು ಹಿಡಿಯಿತು. ಒಂದು ಸಾಮಾನು ಬೆಳಗಾವಿಯ ಗುಜರಿಯಲ್ಲಿ ಸಿಕ್ಕರೆ ಇನ್ನೊಂದು ಸೊಲ್ಲಾಪುರದಲ್ಲಿ. ಕಸ್ತೂರಿ ರಜೆಯ ದಿನಗಳಲ್ಲಿ ತುಕ್ಕು ತಿಕ್ಕಿದಳು. ಅನ್ನಪೂರ್ಣ ಹಿಂದಿನ ಸೀಟಿನ ಸಂದಿಯಿಂದ ಒಂದು ಬುಟ್ಟಿ ಪುಕ್ಕ ತೆಗೆದಳು. ಸಾವಂತ್ರವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಕಾರಿನ ವಿಷಯ ಏನೂ ಗೊತ್ತಿಲ್ಲದಿದ್ದರೂ, ಆ ತಂತಿ ಯಾಕೆ ಜೋತುಬಿದ್ದಿದೆ, ಆ ಬೋಲ್ಟು ಯಾಕೆ ಉಳಿಯಿತು ಎಂದು ದಾವಲಸಾಬನಿಗೆ ಕೇಳುತ್ತಿದ್ದಳು. ಒಂದು ಸಲ ಅವಳು ಕೇಳಿದ ಬೋಲ್ಟು ನಿಜಕ್ಕೂ ಮರೆತದ್ದೇ ಆಗಿತ್ತು. ಅಂದಿನಿಂದ ಅವನು ಕೆಲಸ ಮುಗಿಸಿ ಹೋಗುವಾಗ ಒಂದು ಸಲ ಅವಳ ಮುಖ ನೋಡಿ ಹೋಗುತ್ತಿದ್ದ.

ಕಾರು ಮೊದಲ ಸಲ ಶುರುವಾದ ದಿನ ಪಕ್ಕದ ಮನೆಯವರು ಹಗ್ಗದ ಮೇಲೆ ಶಾವಿಗೆ ಒಣಹಾಕಿದ್ದರು. ಹದಿನಾಲ್ಕು ವರ್ಷದ ಹೊಗೆ ಒಮ್ಮೆಲೇ ಹೊರಗೆ ಬಂತು. ಹೊಗೆ ಸರಿದ ಮೇಲೆ ನೋಡಿದರೆ ಶಾವಿಗೆಯೂ ಕಪ್ಪು, ಒಣಹಾಕಿದವರೂ ಕಪ್ಪು. ಆ ವರ್ಷ ಅವರ ಮನೆಯ ಶಾವಿಗೆ ಪಾಯಸವನ್ನು ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಆದರೆ ಕಾರು ಓಡಿತು. ನೋಡಿ, ಅದೇ ಮುಖ್ಯ. ಕಾರು ಓಡಿತು.

ಮೂರು ವಾರ ಆ ಮನೆಯಲ್ಲಿ ಇದ್ದ ಸಂತೋಷವನ್ನು ಏನೆಂದು ಹೇಳಲಿ. ಕಾರಿಗೆ ಇನ್ನೂ ಬಣ್ಣ ಆಗಿರಲಿಲ್ಲ, ಅಲ್ಲಲ್ಲಿ ಬೂದಿಬಣ್ಣದ ತೇಪೆ. ಒಂದು ಕಿಟಕಿಯ ಗಾಜು ಮೇಲೆ ಬರುತ್ತಿರಲಿಲ್ಲ. ಹಾರ್ನ್ ಒತ್ತಿದರೆ ವೈಪರ್ ಅಲ್ಲಾಡುತ್ತಿತ್ತು. ಯಾರಿಗೆ ಬೇಕು ಅದೆಲ್ಲ? ಸಾವಂತ್ರವ್ವ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ, ಕಿಟಕಿಯಿಂದ ಪೇಟೆ ನೋಡುತ್ತ ಆಸ್ಪತ್ರೆಗೆ ಹೋದಳು. ಕಸ್ತೂರಿ ಶಾಲೆಗೆ ಹೊತ್ತಿಗೆ ಮೊದಲೇ ಮುಟ್ಟಿದಳು. ಹೆಡ್‌ಮಾಸ್ತರರು ಅವಳನ್ನು ನೋಡಿ, ತಮ್ಮ ಗಡಿಯಾರ ನಿಂತಿರಬೇಕೆಂದು ಕಿವಿಗೆ ಹಿಡಿದು ನೋಡಿದರಂತೆ. ಹದಿನೈದು ದಿನಕ್ಕೆ ಸಾವಂತ್ರವ್ವನ ಮಂಡಿ ಇಷ್ಟು, ಎರಡು ಬೆರಳಿನಷ್ಟು, ಮಡಚಲು ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇವತ್ತು ಇಲ್ಲಿ ಕೂತು ಹೇಳುತ್ತಿರಲಿಲ್ಲ. ನಾಲ್ಕನೆಯ ವಾರ ಗುರುಶಾಂತಪ್ಪ ಕಾರಿಗೆ ಬಣ್ಣ ಹೊಡೆಸಿದ. ಮೇಲೆ ಕೆನೆಬಣ್ಣ, ಕೆಳಗೆ ದಟ್ಟ ಹಸಿರು. ಬಂಪರಿಗೆ ಬೆಳ್ಳಿಯಂಥ ಹೊಳಪು. ಬಣ್ಣ ಬಂತು ನೋಡಿ, ಬುದ್ಧಿ ಹೋಯಿತು.

ಮೊದಲ ದಿನ, ಚಪ್ಪಲಿ ಕಳೆದು ಒಳಗೆ ಹತ್ತಬೇಕು ಎಂದ. ಆಗಲಿ, ಹೊಸ ಬಣ್ಣ, ಕಳೆದರು. ಎರಡನೆಯ ದಿನ, ಕಳೆದ ಚಪ್ಪಲಿ ಒಳಗೆ ತರಬಾರದು ಎಂದ. ಹಾಗಾದರೆ ಇಳಿದಾಗ ಏನು ಹಾಕಿಕೊಳ್ಳುವುದು ಎಂದು ಅನ್ನಪೂರ್ಣ ಕೇಳಿದಳು. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ, ನಿಯಮ ಮಾತ್ರ ಇತ್ತು. ಆಮೇಲೆ, ಒಳಗೆ ತಿನ್ನಬಾರದು. ಆಮೇಲೆ, ಬಾಗಿಲು ನಾನೇ ತೆಗೆಯುತ್ತೇನೆ, ಯಾರೂ ಮುಟ್ಟಬಾರದು, ಬೆರಳಿನ ಗುರುತು ಬೀಳುತ್ತದೆ. ಹಳ್ಳಿಯ ದಾರಿಯಲ್ಲಿ ಜಲ್ಲಿ ಸಿಡಿಯುತ್ತದೆ, ಆದ್ದರಿಂದ ಕಸ್ತೂರಿ ಬಸ್ಸಿಗೆ ಹೋಗಲಿ. ಕಾಲೇಜಿನ ಮುಂದೆ ಸೈಕಲ್ಲುಗಳು ತಾಗುತ್ತವೆ, ಆದ್ದರಿಂದ ಅನ್ನಪೂರ್ಣ ಸೈಕಲ್ಲಿಗೆ ಹೋಗಲಿ. ಆಸ್ಪತ್ರೆಯ ಮುಂದೆ ದನ ಮಲಗುತ್ತವೆ. ಅವ್ವ ನಾಳೆ ಹೋದರಾಯಿತು.

ನಾಳೆ ನಾಳೆ ಎಂದು ಎರಡು ತಿಂಗಳಾಯಿತು. ಗುರುಶಾಂತಪ್ಪ ಸ್ಕೂಟರಿನ ಮೇಲೆ ಪ್ರೆಸ್ಸಿಗೆ ಹೋಗುತ್ತಿದ್ದ. ಕಾರು ಮನೆಯ ಮುಂದೆ, ದರ್ಜಿಗೆ ಅಳತೆ ಕೊಟ್ಟು ಹೊಲಿಸಿದ ಹೊದಿಕೆ ಹೊದ್ದು ನಿಂತಿತ್ತು. ಬೆಳಿಗ್ಗೆ ಎದ್ದು ಹೊದಿಕೆ ತೆಗೆದು, ಮೆತ್ತನೆಯ ಬಟ್ಟೆಯಿಂದ ಅರ್ಧ ಗಂಟೆ ಒರೆಸಿ, ಮತ್ತೆ ಹೊದಿಸುತ್ತಿದ್ದ. ಸಾವಂತ್ರವ್ವ ಕಿಟಕಿಯಿಂದ ನೋಡುತ್ತಿದ್ದಳು. ಒಂದು ದಿನ ಸೊಸೆಯನ್ನು ಕರೆದು, ಆ ಚಕ್ರ ಒರೆಸುವಷ್ಟು ಮೆತ್ತಗೆ ಇವನು ನನ್ನ ಕಾಲು ಯಾವತ್ತಾದರೂ ಒತ್ತಿದ್ದಾನೇನು ಎಂದು ಕೇಳಿದಳು. ಕಸ್ತೂರಿ ನಕ್ಕಳು. ಆಮೇಲೆ ಇಬ್ಬರೂ ನಗಲಿಲ್ಲ. ಮಂಡಿ ಮತ್ತೆ ಬಿಗಿದುಹೋಗಿತ್ತು.

ಅಷ್ಟರಲ್ಲಿ ಊರಿನ ಕೆಲವು ಉತ್ಸಾಹಿಗಳು ಸೇರಿ ಹಳೆಯ ವಾಹನಗಳ ಮೆರವಣಿಗೆ ಇಟ್ಟರು. ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಗುರುಶಾಂತಪ್ಪನ ಕಾರಿಗೆ ಎಲ್ಲಕ್ಕಿಂತ ಮುಂದಿನ ಸ್ಥಾನ. ಈಗ ಕೇಳಿ: ಅದೇ ಭಾನುವಾರ ಹುಬ್ಬಳ್ಳಿಯಿಂದ ಮಂಡಿಯ ಡಾಕ್ಟರು ಬರುವ ದಿನ. ಅವರು ಬರುವುದು ತಿಂಗಳಿಗೆ ಒಮ್ಮೆ. ಹನ್ನೊಂದಕ್ಕೆ ಎದ್ದು ಹೋದರೆ ಮುಂದಿನ ತಿಂಗಳೇ. ಮೆರವಣಿಗೆಯಿಂದ ಹತ್ತೂವರೆಗೆ ಬಂದು ಕರೆದುಕೊಂಡು ಹೋಗುತ್ತೀರೇನು ಎಂದು ಕಸ್ತೂರಿ ಕೇಳಿದಳು. ಅವನು, ಕಾರಿಗೆ ಹೂವಿನ ಅಲಂಕಾರ ಆಗಿರುತ್ತದೆ, ಕೆಡುತ್ತದೆ, ನಾನು ಬೇರೆ ವ್ಯವಸ್ಥೆ ಮಾಡಿದ್ದೇನೆ ಎಂದ.

ಏನು ಆ ವ್ಯವಸ್ಥೆ? ಓಣಿಯ ಯಲ್ಲಪ್ಪನ ಸಾಮಾನು ಒಯ್ಯುವ ಟೆಂಪೋ. ಆ ದಿನ ಅದು ಒಂದು ಮದುವೆಗೆ ಪ್ಲಾಸ್ಟಿಕ್ ಕುರ್ಚಿ ಒಯ್ಯುತ್ತಿತ್ತು. ಯಲ್ಲಪ್ಪ ಒಳ್ಳೆಯವನು. ಒಂದು ಕುರ್ಚಿಯನ್ನು ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿ ಇಟ್ಟ, ಕಾಲಿಗೆ ಎದುರು ಇನ್ನೊಂದು ಕುರ್ಚಿ. ನಾಲ್ಕು ಜನ ಸೇರಿ ಸಾವಂತ್ರವ್ವನನ್ನು ಎತ್ತಿ ಕೂಡಿಸಿದರು. ಅವಳು ಪಕ್ಕದ ಸರಳು ಹಿಡಿದುಕೊಂಡಳು. ಕಸ್ತೂರಿ ಪಕ್ಕದಲ್ಲಿ ನಿಂತಳು. ಉಳಿದ ಜಾಗದಲ್ಲಿ ಎಂಬತ್ತು ಕುರ್ಚಿ.

ಇತ್ತ ಮೆರವಣಿಗೆ ಪೇಟೆಯ ಇಕ್ಕಟ್ಟಾದ ರಸ್ತೆಗೆ ಬಂತು. ವೃತ್ತದಲ್ಲಿ ಒಂದು ವೇದಿಕೆ. ಮೈಕು ಹಿಡಿದವರು ಗುರುಶಾಂತಪ್ಪನ ಕಾರನ್ನು ನಿಲ್ಲಿಸಿ, ಇಂಜಿನ್ ಆರಿಸಲು ಹೇಳಿ, ಅವನನ್ನು ವೇದಿಕೆಗೆ ಕರೆದು, ಇಷ್ಟು ಚಂದದ ಕಾರನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿದರು. ಗುರುಶಾಂತಪ್ಪ ರುಮಾಲು ಸರಿಮಾಡಿಕೊಂಡು, ಮೈಕಿಗೆ ಬಾಯಿ ಹತ್ತಿರ ತಂದು ಹೇಳಿದ:

"ನಮ್ಮ ಮನ್ಯಾವರೆಲ್ಲಾ ದಿನಾ ಇದರಾಗ ಅಡ್ಡಾಡ್ತೇವ್ರಿ. ಅದರಾಗೂ ನಮ್ಮವ್ವಗ ಇದಿಲ್ಲದ ನಡಿಯೂದ ಇಲ್ಲ."

ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಪಕ್ಕದ ಸಂದಿಯಿಂದ ಒಂದು ಟೆಂಪೋ ಹಾರ್ನ್ ಹೊಡೆಯುತ್ತ ಬಂದು ದಾರಿಗೆ ಅಡ್ಡವಾಗಿದ್ದ ಕಾರಿನ ಹತ್ತಿರ ನಿಂತಿತು. ಅದರ ಮೇಲೆ, ಸಿಂಹಾಸನದ ಮೇಲೆ ಕೂತ ಹಾಗೆ, ಯಾರು? ನಾನು ಹೇಳಬೇಕೇ?

ಮೈಕು ಇನ್ನೂ ಚಾಲೂ ಇತ್ತು. ಸಾವಂತ್ರವ್ವ ಸಿಟ್ಟು ಮಾಡಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದಳು:

"ಗುರುಶಾಂತಾ, ನಿನ್ನ ಕಾರು ಸ್ವಲ್ಪ ಸರಿಸಪಾ. ನಮ್ಮ ಟೆಂಪೋಕ್ಕ ಹಾದಿ ಬೇಕಾಗೈತಿ."

ಗುರುಶಾಂತಪ್ಪ ಓಡಿಹೋಗಿ ಕೂತು ಚಾವಿ ತಿರುವಿದ. ಕಾರು ಕೆಮ್ಮಿತು. ಮತ್ತೆ ತಿರುವಿದ. ಈ ಸಲ ಕೆಮ್ಮಲೂ ಇಲ್ಲ. ಹಿಂದೆ ಹನ್ನೆರಡು ಹಳೆಯ ವಾಹನಗಳು, ಎಲ್ಲವುಗಳ ಹಾರ್ನೂ ಸರಿಯಿದ್ದವು. ಪೊಲೀಸಿನವರು ಬಂದರು. ಹೊತ್ತು ಹತ್ತು ನಲವತ್ತು. ಜನ ಸೇರಿ ಕಾರನ್ನು ಬದಿಗೆ ತಳ್ಳಿದರು, ಟೆಂಪೋ ಮುಂದೆ ಬಂತು. ಆದರೂ ಕಾರಿನ ಅರ್ಧ ಭಾಗ ದಾರಿಯಲ್ಲೇ ಇತ್ತು. ಪೊಲೀಸಿನವರು ಯಲ್ಲಪ್ಪನಿಗೆ ಹೇಳಿದರು:

"ಹೆಂಗೂ ಹೊಂಟೀಯಲ್ಲಾ, ಇದನ್ನೂ ಎಳಕೊಂಡು ಹೋಗು."

ಕುರ್ಚಿ ಕಟ್ಟಿದ್ದ ಹಗ್ಗ ಬಿಚ್ಚಿ ಕಾರಿಗೆ ಕಟ್ಟಿದರು. ಆ ಎಂಬತ್ತು ಕುರ್ಚಿಗಳು ಅಲ್ಲೇ ರಸ್ತೆಯಲ್ಲಿ ಇಳಿದವು. ಮೆರವಣಿಗೆ ನೋಡಲು ಬಂದವರು ಅವುಗಳ ಮೇಲೆ ಕೂತರು. ಈಗ ನೋಡಿ ಆ ದೃಶ್ಯ. ಮುಂದೆ ಟೆಂಪೋ, ನಡುವೆ ಎರಡು ಮಾರು ಹಗ್ಗ, ಹಿಂದೆ ಹೂವಿನ ಹಾರ ಹಾಕಿದ ಕಾರು. ಸ್ಟೀರಿಂಗ್ ಹಿಡಿಯಲು ಒಬ್ಬರು ಬೇಕಲ್ಲ, ಗುರುಶಾಂತಪ್ಪ ಕೂತಿದ್ದಾನೆ. ತಾಯಿಯ ಮುಖ ಮಗನ ಕಡೆ, ಮಗನ ಮುಖ ತಾಯಿಯ ಕಡೆ. ರಸ್ತೆಯ ಎರಡೂ ಬದಿಯ ಜನ ಇದೂ ಮೆರವಣಿಗೆಯ ಒಂದು ಸ್ತಬ್ಧಚಿತ್ರ ಎಂದು ತಿಳಿದು ಮತ್ತೆ ಚಪ್ಪಾಳೆ ಹೊಡೆದರು. ಸಮಿತಿಯವರು ಆಮೇಲೆ ಸಮಾಧಾನಕರ ಬಹುಮಾನವನ್ನೂ ಕಳಿಸಿದರಂತೆ.

ಗುರುಶಾಂತಪ್ಪ ಎಲ್ಲಿ ನೋಡಬೇಕು? ಕಣ್ಣು ಮುಚ್ಚಿದರೆ ಗುದ್ದುತ್ತದೆ. ಪಕ್ಕಕ್ಕೆ ನೋಡಿದರೆ ಜನ. ಎದುರಿಗೆ ನೋಡಿದರೆ ಅವ್ವ. ಅನಿವಾರ್ಯವಾಗಿ ಅವ್ವನನ್ನೇ ನೋಡಿದ. ಟೆಂಪೋ ಗುಂಡಿಗೆ ಇಳಿದಾಗಲೆಲ್ಲ ಆ ಕಾಲು ಕುರ್ಚಿಯ ಮೇಲೆ ಎಗರಿ ಬೀಳುತ್ತಿತ್ತು. ಅವಳು ಸರಳನ್ನು ಗಟ್ಟಿಯಾಗಿ ಹಿಡಿದು ತುಟಿ ಕಚ್ಚುತ್ತಿದ್ದಳು. ಕೂಗುತ್ತಿರಲಿಲ್ಲ. ಎರಡು ತಿಂಗಳಿನಿಂದ ಅದೇ ಮನೆಯಲ್ಲಿದ್ದರೂ ಅವನು ಆ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಆಸ್ಪತ್ರೆ ಒಂದೂವರೆ ಕಿಲೋಮೀಟರು. ಅಷ್ಟು ದೂರವೂ ನೋಡಿದ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮುಟ್ಟಿದರು. ಡಾಕ್ಟರು ಕಾಲು ನೋಡಿ, ವ್ಯಾಯಾಮ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ಇನ್ನು ನಾಲ್ಕು ತಿಂಗಳು ಹೀಗೇ ಬಿಟ್ಟರೆ ಈ ಕಾಲು ಹೀಗೇ ಕೂತುಬಿಡುತ್ತದೆ ಎಂದು ಹೇಳಿ, ಹಚ್ಚಲು ಒಂದು ಎಣ್ಣೆ ಬರೆದುಕೊಟ್ಟು, ವಾರಕ್ಕೆ ಮೂರು ದಿನ ತಪ್ಪದೆ ಬರಬೇಕೆಂದರು. ಸಾವಂತ್ರವ್ವ ಮನೆಗೂ ಟೆಂಪೋದಲ್ಲೇ ಹೋದಳು. ಯಲ್ಲಪ್ಪ ನಿಧಾನಕ್ಕೆ ಓಡಿಸಿದ.

ಮಧ್ಯಾಹ್ನ ದಾವಲಸಾಬ ಬಂದ. ಮುಚ್ಚಳ ಎತ್ತಿದ, ನೋಡಿದ, ಇಳಿಸಿದ.

"ಗುರುಶಾಂತಪ್ಪನಾರ, ಇದಕ್ಕ ಏನೂ ಆಗಿಲ್ಲರಿ. ನಿಂದರಿಸಿ ನಿಂದರಿಸಿ ಕೆಡಿಸೀರಿ. ಪೆಟ್ರೋಲು ಅಂಟಾಗೈತಿ, ಬ್ಯಾಟರಿ ಇಳದೈತಿ. ದಿನಾ ಓಡಸ್ರಿ. ಒರಸೂದು ಕಡಿಮಿ ಮಾಡ್ರಿ."

ಸೋಮವಾರ ಬೆಳಿಗ್ಗೆ ಗುರುಶಾಂತಪ್ಪ ಕಾರು ತೊಳೆಯದೆ, ಹೊದಿಕೆ ಮಡಿಚಿ ಅಟ್ಟಕ್ಕೆ ಹಾಕಿ, ಬಾಗಿಲು ತೆರೆದು ನಿಂತ. ಬುದ್ಧಿ ಬಂತು, ಎಲ್ಲರೂ ಓಡಿಬಂದು ಹತ್ತಿದರು ಎಂದು ತಿಳಿದಿರೇನು? ಕಸ್ತೂರಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಅವನ ಮುಂದೆಯೇ ನಡೆದು, "ಬಸ್ಸಿನ್ಯಾಗ ಚಪ್ಪಲಿ ಕಳಿಯೂ ತ್ರಾಸ ಇಲ್ಲರಿ" ಎಂದು ಹೇಳಿ ಹೋದಳು. ಸಾವಂತ್ರವ್ವ ಕಿಟಕಿ ಮುಚ್ಚಿದಳು. ನಾವು ಕೆಡಿಸಿದ್ದು ನಾವು ತಿದ್ದಿಕೊಂಡ ದಿನವೇ ಸರಿಹೋಗಬೇಕೆಂದು ಬಯಸುತ್ತೇವೆ. ಅದು ಸ್ವಲ್ಪ ದಿನ ತೆಗೆದುಕೊಳ್ಳುತ್ತದೆ.

ಅವನು ಬೇಡಿಕೊಳ್ಳಲಿಲ್ಲ, ಭಾಷಣ ಮಾಡಲಿಲ್ಲ. ಜೋಳದ ಚೀಲವನ್ನು ಆ ಕಾರಿನ ಹಿಂದಿನ ಸೀಟಿಗೆ ಹಾಕಿ ಗಿರಣಿಗೆ ಹೋದ. ಬರುವಾಗ ಒಳಗೆಲ್ಲ ಹಿಟ್ಟು. ಪ್ರೆಸ್ಸಿನ ಕಾಗದದ ಕಟ್ಟು ಅದರಲ್ಲೇ ಒಯ್ದ, ಬಾಗಿಲಿಗೆ ಮಸಿ ಹತ್ತಿತು. ಗುರುವಾರ ಅನ್ನಪೂರ್ಣಳ ಸೈಕಲ್ಲು ಪಂಕ್ಚರ್ ಆಯಿತು. ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿದಾಗ ಪೆಡಲು ಆ ಕೆನೆಬಣ್ಣದ ಮೇಲೆ ಒಂದು ಮೊಳ ಗೀರು ಎಳೆಯಿತು. ಅವಳು ಉಸಿರು ಹಿಡಿದು ಅಪ್ಪನ ಮುಖ ನೋಡಿದಳು. ಅವನು ಹಗ್ಗ ಬಿಗಿದು, ಹೊತ್ತಾಗುತ್ತದೆ ಹತ್ತು ಎಂದ. ಮನೆಗೆ ಹೋಗಿ ಅವಳು ಅಮ್ಮನಿಗೆ ಗೀರಿನ ಸುದ್ದಿ ಹೇಳಿದಳು. ಮರುದಿನ ಕಸ್ತೂರಿ ಚಪ್ಪಲಿ ಸಮೇತ ಮುಂದಿನ ಸೀಟಿನಲ್ಲಿ ಬಂದು ಕೂತಳು.

ಮುಂದಿನ ಸೋಮವಾರ ಸಾವಂತ್ರವ್ವ ತಾನೇ ಕೋಲೂರಿಕೊಂಡು ಹೊರಗೆ ಬಂದಳು. ಮಂಡಿಗೆ ಸುತ್ತಿದ ಬಟ್ಟೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಾಗಿಲ ಹತ್ತಿರ ನಿಂತು ಮಗನನ್ನು ನೋಡಿದಳು.

"ಎಣ್ಣಿ ಹತ್ತತೈತಿ ನೋಡಪಾ."

"ಹತ್ತಲಿ ಬಿಡವಾ."

"ಕಲಿ ಹೋಗೂದಿಲ್ಲ ಮತ್ತ."

"ಹೋಗೂದ ಬ್ಯಾಡ. ಇದು ಯಾರ ಕುಂದ್ರೂ ಜಾಗಾ ಅನ್ನೂದು ಗೊತ್ತಾಗಲಿ."

ಸಾವಂತ್ರವ್ವ ಕಾಲು ಚಾಚಿ ಕೂತಳು. ಪೇಟೆಯ ತಿರುವು ದಾಟಿದ ಮೇಲೆ ಸೆರಗಿನಿಂದ ಚುರುಮುರಿಯ ಪೊಟ್ಟಣ ತೆಗೆದು, ಬಿಚ್ಚಿ, ತಿನ್ನತೊಡಗಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾರಿನ ತುಂಬ ಚುರುಮುರಿ. ಗುರುಶಾಂತಪ್ಪ ಕನ್ನಡಿಯಲ್ಲಿ ನೋಡಿ ಕಣ್ಣು ಒರೆಸಿಕೊಂಡ. ಈಗ ಆ ತಾಯಿ ಪದ್ಮಾಸನ ಹಾಕಲಾರಳು, ಆದರೆ ಆಟೋದಲ್ಲಿ ಕೂಡುವಷ್ಟು ಕಾಲು ಮಡಚುತ್ತದೆ. ಕೂಡುವುದಿಲ್ಲ. ನನಗೆ ನನ್ನ ಸೀಟು ಇದೆ ಎನ್ನುತ್ತಾಳೆ.

ಕಥೆ ಮುಗಿಯಿತು. ನಕ್ಕಿರಿ, ಸಂತೋಷ. ನನ್ನ ಪಕ್ಕದ ತಬಲಾದವರು ಇನ್ನೂ ನಗುತ್ತಿದ್ದಾರೆ, ನಗಲಿ. ಆದರೆ ನಾನು ಕೇಳುತ್ತೇನೆ: ಗುರುಶಾಂತಪ್ಪ ಕಾರನ್ನು ಯಾರಿಗಾಗಿ ಎಬ್ಬಿಸಿದ? ಮನೆಯವರಿಗಾಗಿ. ಎಬ್ಬಿಸಿದ ಮೇಲೆ ಯಾರನ್ನು ಇಳಿಸಿದ? ಮನೆಯವರನ್ನೇ. ನಿಮ್ಮ ಮನೆಯಲ್ಲಿ ಹೀಗೆ ಏನೇನು ಹೊದ್ದು ನಿಂತಿದೆ? ಮಕ್ಕಳಿಗಾಗಿ ಮನೆ ಕಟ್ಟಿಸಿದಿರಿ, ಈಗ ಗೋಡೆ ಮುಟ್ಟಿದರೆ ಮಕ್ಕಳಿಗೆ ಬೈಯುತ್ತೀರಿ. ಪಡಸಾಲೆಯ ಸೋಫಾದ ಪ್ಲಾಸ್ಟಿಕ್ಕು ಮೂರು ವರ್ಷದಿಂದ ತೆಗೆದಿಲ್ಲ, ನಿಮ್ಮಪ್ಪ ನೆಲದ ಮೇಲೆ ಕೂರುತ್ತಾರೆ. ಇದು ವಸ್ತುವಿನ ಮಾತು, ಸಣ್ಣದು. ದೊಡ್ಡದು ಬೇರೆ ಇದೆ. ನಿಮ್ಮ ನಾಲಿಗೆಯಲ್ಲಿ ಒಳ್ಳೆಯ ಮಾತು ಇಲ್ಲವೇ? ಇದೆ. ಬಹಳ ಇದೆ. ಬೀಗರು ಬಂದಾಗ ಬರುತ್ತದೆ, ಸಾಹೇಬರು ಬಂದಾಗ ಬರುತ್ತದೆ, ಶ್ರಾವಣದಲ್ಲಿ ಮಠಕ್ಕೆ ಬಂದು ನನ್ನ ಮುಂದೆ ಕೈಮುಗಿದಾಗ ಜೇನಿನ ಹಾಗೆ ಬರುತ್ತದೆ. ಮನೆಯಲ್ಲಿ ಚಹಾ ತಂದುಕೊಟ್ಟವಳ ಮುಂದೆ ಯಾಕೆ ಬರುವುದಿಲ್ಲ? ಎಲ್ಲಿ ಇಟ್ಟುಬಂದಿರಿ ಅದನ್ನು?

ನಿಮಗೆ ಹೇಳುವುದು ನನಗೆ ಸುಲಭ. ಎತ್ತರದಲ್ಲಿ ಕೂತಿದ್ದೇನೆ, ಮೈಕು ನನ್ನ ಕೈಯಲ್ಲಿದೆ. ಆದ್ದರಿಂದ ನನ್ನದೂ ಹೇಳಿಬಿಡುತ್ತೇನೆ. ಮಠದಲ್ಲಿ ಗಾಜಿನ ಕಪಾಟಿನ ತುಂಬ ಪುಸ್ತಕ ಇವೆ. ಊರಿನವರು ಓದಲಿ ಎಂದು ಭಕ್ತರು ಕೊಟ್ಟದ್ದು. ಹೋದ ವಾರ ಒಬ್ಬ ಹೆಣ್ಣುಮಗಳು ಬಂದು ಒಂದು ಪುಸ್ತಕ ಕೇಳಿದಳು. ಬೀಗದ ಕೈ ಸಿಗುತ್ತಿಲ್ಲ ಎಂದೆ. ಅದು ನನ್ನ ದಿಂಬಿನ ಕೆಳಗೇ ಇತ್ತು. ಹಾಳೆ ಮಡಚುತ್ತಾಳೆ ಎಂದು ಭಯ. ತಾಯಿ, ನೀನು ಸಭೆಯಲ್ಲಿದ್ದರೆ ನಾಳೆ ಬಾ. ಕಪಾಟಿಗೆ ಬೀಗ ಇರುವುದಿಲ್ಲ. ಹಾಳೆ ಮಡಚು.

ನೀವೂ ನಾಳೆ ಬೆಳಿಗ್ಗೆ ಎದ್ದು ಒಂದು ಕೆಲಸ ಮಾಡಿ. ಯಾರಿಗಾಗಿ ಎಂದು ತಂದು, ಅವರಿಗೇ ಕೊಡದೆ ಇಟ್ಟದ್ದು ಏನಿದೆಯೋ ಅದನ್ನು ಹುಡುಕಿ ಅವರ ಕೈಗೆ ಕೊಡಿ. ತಾಟು ಇರಲಿ, ಸೀರೆ ಇರಲಿ, ಅರ್ಧ ಗಂಟೆಯ ಪುರುಸೊತ್ತು ಇರಲಿ, ಒಂದು ಮೆತ್ತನೆಯ ಮಾತು ಇರಲಿ. ಕೊಟ್ಟ ಮೇಲೆ ಹಿಂದೆ ನಿಂತು ಕಾಯಬೇಡಿ. ಕಲೆಯಾಗುತ್ತದೆ, ಗೀರು ಬೀಳುತ್ತದೆ. ಬಿದ್ದಾಗ ಅವರ ಮುಖ ನೋಡಿ, ವಸ್ತುವನ್ನು ನೋಡಬೇಡಿ.

ನಾಳೆಯದು ನಾಳೆ. ಇವತ್ತಿನದು ಒಂದು ಇದೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿದೆ. ಮಠದ ಅಂಗಳದಲ್ಲಿ ಹನ್ನೊಂದು ಕಾರು ನಿಂತಿವೆ, ಬರುವಾಗ ಎಣಿಸಿದ್ದೇನೆ. ನಡೆದು ಬಂದ ಹಿರಿಯರು ಮೂವತ್ತು ಜನರ ಮೇಲಿದ್ದಾರೆ. ಕೆಸರಿನ ಕಾಲು ಒಳಗೆ ಬರುತ್ತದೆ, ಬರಲಿ. ಪ್ರಸಾದ ಆದ ಮೇಲೆ ನಾನು ಬಾಗಿಲಿನಲ್ಲಿ ನಿಂತಿರುತ್ತೇನೆ. ಯಾವ ಕಾರು ಖಾಲಿ ಹೋಗುತ್ತದೆ, ನೋಡುತ್ತೇನೆ.